ಕೊನೆಯ ಸರದಿಯಲ್ಲಿ ಗೆದ್ದ ನಮ್ಮ ಶೇಖರ

ರೋನಿ, ಕೆನಡಾದ ಚಳಿಗೆ ನಿನ್ನ ಸೊಂಟನೋವು ಹೇಗಿದೆ?
ಹಮೀದ್, ಉಪ್ಪಿನಂಗಡಿಗೆ ಹೋದ ಮೇಲೆ ಶುಗರ್ ಹತೋಟಿಗೆ ಬಂತೇ?
ಡ್ಯಾನಿಲೋ, ಮನಿಲಾದಲ್ಲಿ ಮೊಮ್ಮಕ್ಕಳೆಲ್ಲ ಸೌಖ್ಯವೇ? ನಿನಗೆ ಕನ್ನಡ ಬಾರದು, ಫೋನೇ ಟ್ರಾನ್ಸ್‌ಲೇಟ್ ಮಾಡಿ ತೋರಿಸಲಿ.

ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ...
ನಮ್ಮ ಶೇಖರ ಹೋದ.

ಬೆಳಿಗ್ಗೆ ಡ್ಯೂಟಿಗೆ ಹೊರಟವನು ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.
ಅವನ ರೂಮಿನವರು ಫೋನ್ ಮಾಡಿದಾಗ "ಯಾವ ಶೇಖರ?" ಎಂದು ಕೇಳಿದೆ ನಾನು.
ಗಲ್ಫಿನ ಈ ಖೈತಾನಿನಲ್ಲಿ ಎಷ್ಟೋ ಶೇಖರರಿದ್ದಾರೆ, ಬೇರೆ ಯಾರೋ ಇರಬೇಕು ಎಂದೇ ಮನಸ್ಸು ಹೇಳುತ್ತಿತ್ತು...
ಈಗಲೂ ಹಾಗೇ ಹೇಳುತ್ತಿದೆ.

ಮಧ್ಯಾಹ್ನ ಸುರತ್ಕಲ್ಲಿನಿಂದ ಅವನ ಮಗಳು ದೀಕ್ಷಾ ಮಾತಾಡಿದಳು. ಅತ್ತು ಸುಸ್ತಾದ ಮೇಲೆ ಒಂದೇ ಪ್ರಶ್ನೆ ಕೇಳಿದಳು.
"ಮಾಮ, ಅಪ್ಪನಿಗೆ ಅಲ್ಲಿ ಯಾರಾದ್ರೂ ಇದ್ರಾ? ಫೋನ್ ಮಾಡಿದ್ರೆ ಊಟ ಆಯ್ತು, ಡ್ಯೂಟಿ ಉಂಟು, ಅಷ್ಟೇ ಹೇಳ್ತಿದ್ದದ್ದು. ಇಷ್ಟು ವರ್ಷ ಒಬ್ರೇ ಇದ್ರಾ ಅಂತ..."
"ನಾವೆಲ್ಲ ಇದ್ದೆವು ಮಗಾ. ಒಟ್ಟಿಗೆ ಬೇಸ್‌ಬಾಲ್ ಆಡ್ತಿದ್ದೆವು" ಎಂದೆ.
"ಅಪ್ಪನಾ? ಬೇಸ್‌ಬಾಲಾ?"
ಮುದುಕ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಳು... ನನಗೆ ಗೊತ್ತಾಯಿತು.

ಅದಕ್ಕೇ ಇಲ್ಲಿ, ಎಲ್ಲರ ಫೋನಿಗೂ ಬರುವ ಹಾಗೆ ಬರೆಯುತ್ತಿದ್ದೇನೆ. ಅವಳೂ ಓದುತ್ತಾಳೆ.

ದೀಕ್ಷಾ, ಕೇಳು.
ಆಗ ನಾವೆಲ್ಲ ಇಲ್ಲೇ ಹತ್ತಿರದ ಸಬ್ಹಾನಿನ ಒಂದೇ ಗೋದಾಮಿನಲ್ಲಿದ್ದೆವು. ಫೋರ್‌ಮನ್ ಡ್ಯಾನಿಲೋಗೆ ಬೇಸ್‌ಬಾಲ್ ಹುಚ್ಚು. ಶುಕ್ರವಾರ ಬೆಳಿಗ್ಗೆ ಗೋದಾಮಿನ ಹಿಂದಿನ ಮರಳು ಬಯಲಿನಲ್ಲಿ ಆಟ. ನೀರು ಕೊಡುವುದು, ಲೆಕ್ಕ ಇಡುವುದು ನನ್ನ ಕೆಲಸ.

ಹೊಡೆದವನು ಮೂರು ಮೂಲೆ ಸುತ್ತಿ, ಹೊರಟ ಜಾಗಕ್ಕೇ ವಾಪಸು ಬಂದು ಅಲ್ಲಿಯ ಬಿಳಿ ಹಲಗೆ ಮುಟ್ಟಿದರೆ ಒಂದು ರನ್. ಮೈ ತಾಗಬೇಕು, ಬ್ಯಾಟ್ ತಾಗಿದರೆ ಸಾಲದು. ಬ್ಯಾಟನ್ನು ಹೊಡೆದಲ್ಲೇ ಬಿಟ್ಟು ಓಡುವುದು ಆ ಆಟದ ರೂಢಿ.
ನಿನ್ನ ಅಪ್ಪ ಕ್ರಿಕೆಟ್ ಆಡಿ ಬೆಳೆದವನು. ಹಿಡಿದುಕೊಂಡೇ ಓಡುತ್ತಿದ್ದ.
"ಶೇಖರ್ ಭಾಯಿ, ಬ್ಯಾಟ್ ಛೋಡೋ" ಎಂದು ಪ್ರತಿ ವಾರ ಡ್ಯಾನಿಲೋ ಗೋಗರೆಯುವುದು.
"ಕೈ ಖಾಲಿ ಓಡಿದ್ರೆ ಏನೋ ಮರೆತು ಬಂದ ಹಾಗೆ ಆಗ್ತದೆ ಸದಾಣ್ಣ" ಎಂದು ಇವನು ನನ್ನ ಹತ್ತಿರ ಹೇಳುವುದು.

ಒಮ್ಮೆ ಮೀನಾ ಅಲ್ ಅಹ್ಮದಿಯ ರಿಫೈನರಿ ಟೆಕ್ನಿಷಿಯನ್‌ಗಳ ಟೀಮ್ ಬಂತು.
ನಮ್ಮ ಕೊನೆಯ ಸರದಿ. ಮೂರು ರನ್ ಹಿಂದಿದ್ದೇವೆ. ಇನ್ನೊಬ್ಬ ಔಟಾದರೆ ಆಟ ಮುಗಿಯಿತು.
ರೋನಿ ಆಗಲೇ ಬಿರಿಯಾನಿ ಪಾತ್ರೆಯ ಮುಚ್ಚಳ ತೆಗೆದು "ಖಲಾಸ್, ಊಟಕ್ಕೆ ಬನ್ನಿ" ಎಂದು ಕರೆಯುತ್ತಿದ್ದ.
"ಮುಚ್ಚಿಡು ಮಾರಾಯ" ಎಂದ ಶೇಖರ. "ಇದ್ರಲ್ಲಿ ಓವರ್ ಮುಗಿಯೂದಿಲ್ಲ. ಔಟ್ ಆಗದಿದ್ರೆ ಸಂಜೆವರೆಗೂ ಹೊತ್ತುಂಟು."
ಒಬ್ಬನ ಹಿಂದೆ ಒಬ್ಬ ಹೊಡೆದ... ಶೇಖರನ ಸರದಿ ಬರುವಾಗ ಲೆಕ್ಕ ಸರಿಸಮ.

ಶೇಖರಾ...
ಆ ಹೊಡೆತ ಇನ್ನೂ ನನ್ನ ಕಣ್ಣಲ್ಲಿದೆ.
ಚೆಂಡು ಹೋಗಿ, ನಿಂತಿದ್ದ ಲಾರಿಗಳ ಅಡಿ ಸೇರಿತು. ನೀನು ಓಡಿದೆ... ಬ್ಯಾಟ್ ಹಿಡಿದೇ.
ಮೂರೂ ಮೂಲೆ ದಾಟಿ ಬಂದು ಮರಳಿನಲ್ಲಿ ಉದ್ದಕ್ಕೆ ಬಿದ್ದೆ. ಬ್ಯಾಟಿನ ತುದಿ ಹಲಗೆ ಮುಟ್ಟಿತು. ನೀನು ಮುಟ್ಟಲಿಲ್ಲ.
ಅಲ್ಲಿ ನಿಂತಿದ್ದ ಅವರ ಹುಡುಗನ ಕೈಗೆ ಚೆಂಡು ಬಂದಿತ್ತು, ನಿನಗೆ ತಾಗಿಸಿದ್ದರೆ ನೀನು ಔಟು. ಆದರೆ ಅವನು ಕೊಲಂಬೊದವನು, ಅವನೂ ಕ್ರಿಕೆಟ್ಟಿನವನೇ. ಬ್ಯಾಟ್ ಮುಟ್ಟಿದ್ದು ನೋಡಿ ಸೋತೆವೆಂದು ತಲೆ ತಗ್ಗಿಸಿದ.
ನಮ್ಮವರು ಕುಣಿಯುತ್ತಿದ್ದಾರೆ. ಅಂಪೈರ್ ಮಾತ್ರ ಕೈ ಎತ್ತದೆ ಸುಮ್ಮನೆ ನಿಂತಿದ್ದಾನೆ.
ಸಂಗತಿ ನನಗೆ ಆಗ ಹೊಳೆಯಿತು.
"ಶೇಖರಾ, ಕಾರ್ ದೀಲ... ಕಾರ್ ದೀಲ ಮಾರಾಯಾ" ಎಂದು ತುಳುವಿನಲ್ಲಿ ಕೂಗಿಕೊಂಡೆ. ಕಾಲಿಡು ಎಂದು ಹೇಳಿದ್ದು ಅವರಿಗೆ ಹೇಗೆ ತಿಳಿಯಬೇಕು?
ನಿನಗೆ ತಿಳಿಯಿತು. ಬಿದ್ದಲ್ಲಿಂದಲೇ ಹೊರಳಿ, ಮೈಮುರಿಯುವವನ ಹಾಗೆ ಕಾಲು ಚಾಚಿ ಹಲಗೆಯ ಮೇಲಿಟ್ಟೆ.
ಅಂಪೈರ್ ಆಗ ಎರಡೂ ಕೈ ಅಗಲಿಸಿದ. ಗೆದ್ದೆವು.
"ನಿನ್ನ ಬ್ಯಾಟಿಗೂ ಈ ದೇಶದಲ್ಲಿರಲು ಒಂದು ಇಕಾಮಾ ಮಾಡಿಸು, ನಿನಗಿಂತ ಮೊದಲು ಅದೇ ಒಳಗೆ ಬರ್ತದೆ" ಎಂದು ಹಮೀದ್ ಹೇಳಿದ್ದಕ್ಕೆ ಎಷ್ಟು ನಕ್ಕೆ ನೀನು... ನಿನ್ನ ತಲೆಯ ಮರಳೆಲ್ಲ ನನ್ನ ತಟ್ಟೆಗೆ ಬಿದ್ದಿತ್ತು.
ಮೊಣಕಾಲು ಸುಲಿದದ್ದು ಗೊತ್ತಾದರೆ ಹೆಂಡತಿ ಬೈಯುತ್ತಾಳೆ ಎಂದು ಮನೆಗೆ ಒಂದು ಮಾತೂ ಹೇಳಲಿಲ್ಲ ನೀನು.

ಆಮೇಲೆ ಗೋದಾಮು ಮುಚ್ಚಿತು. ಒಬ್ಬೊಬ್ಬರೇ ಹೊರಟರು. ಉಳಿದದ್ದು ನಾವಿಬ್ಬರು.
ಶುಕ್ರವಾರ ನನ್ನ ರೂಮಿನಲ್ಲಿ ಸುಲೈಮಾನಿ ಚಹಾ ಕುಡಿಯುತ್ತ, ಫೋನಿನಲ್ಲಿ ಅಮೆರಿಕದವರ ಹಳೆಯ ಆಟಗಳು. ಸೋತೇ ಹೋದರು ಎನ್ನುವಾಗ ಕೊನೆಗೆ ಗೆದ್ದ ಆಟಗಳೇ ಆಗಬೇಕು ಅವನಿಗೆ.
"ಇದರ ಕೊನೆ ಗೊತ್ತುಂಟಲ್ಲ, ಹೋದ ವಾರವೇ ನೋಡಿದ್ದು" ಎಂದರೆ,
"ಸುಮ್ನಿರಿ ಸದಾಣ್ಣ. ಅವ್ರಿಗೆ ಗೊತ್ತಿಲ್ಲ ಅಲ್ಲ?" ಎನ್ನುತ್ತಿದ್ದ.

ಇನ್ನು ಇಲ್ಲಿ ನನಗೆ ತುಳುವಿನಲ್ಲಿ ಬೈಯಲು ಒಬ್ಬನೂ ಇಲ್ಲ.
ಈಗ ಫೋನ್ ರಿಂಗಾದರೆ ಅವನೇ ಎಂದು ಕೈ ಹೋಗುತ್ತದೆ...

ಕಾಗದಪತ್ರ ಮುಗಿದರೆ ನಾಡಿದ್ದು ವಿಮಾನದಲ್ಲಿ ಅವನನ್ನು ಊರಿಗೆ ಕಳುಹಿಸುತ್ತಾರಂತೆ. ಏರ್‌ಪೋರ್ಟಿಗೆ ನಾನು ಹೋಗಿ ನಿಲ್ಲುತ್ತೇನೆ.

ಶೇಖರಾ, ದಣಿದಿದ್ದೀ... ದೇವರು ನಿನ್ನ ಜೀವವನ್ನು ತಂಪಾದ ಕಡೆ ಇಡಲಿ.

ರೋನಿ, ಹಮೀದ್, ಡ್ಯಾನಿಲೋ...
ನಾನೊಬ್ಬನೇ ಹೇಳಿದರೆ ಅದು ಸಮಾಧಾನದ ಮಾತು. ನೀವೂ ಹೇಳಿದರೆ ಆ ಮಗು ನಂಬುತ್ತದೆ.
ಯಾವ ಭಾಷೆಯಾದರೂ ಸರಿ, ಎರಡು ಸಾಲು ಸಾಕು. ಅವಳ ಅಪ್ಪ ಸುರತ್ಕಲ್ ಮುಟ್ಟುವ ಮೊದಲೇ ಬರೆಯಿರಿ.