ಕ್ಯಾಮೆರಾಕ್ಕೆ ಇಟ್ಟ ಕುಂಕುಮ

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದು ನಿಲ್ಲುತ್ತದೆ. ದೊಡ್ಡಬಳ್ಳಾಪುರದಲ್ಲಿ ಬೆಳೆದವರಿಗೆ ಗೊತ್ತು, ಅವತ್ತೊಂದು ದಿನ ಪಕ್ಕದಲ್ಲಿದ್ದವರ ಜೊತೆ ಮಾತಾಡಲು ಕೂಗಬೇಕಾಗಿಲ್ಲ. ಹೋದ ವರ್ಷದ ಆ ದಿನ ನಾನು ಕೂಗಿದೆ ಎಂದು ಅಕ್ಕ ಹೇಳುತ್ತಾಳೆ. ಸಾಮಾನ್ಯ ದನಿಯಲ್ಲೇ ಹೇಳಿದೆ ಎಂದು ನನ್ನ ನೆನಪು. ಯಾರ ನೆನಪನ್ನೂ ಸುಮ್ಮನೆ ನಂಬಬೇಡಿ, ಆಧಾರ ಕೇಳಿ ಎಂದು ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುವವನು ನಾನು. ಈ ವಿಷಯದಲ್ಲಿ ನನ್ನ ನೆನಪಿಗಿಂತ ಅಕ್ಕನ ಮಾತೇ ನಿಜವಿರಬೇಕು ಅನ್ನಿಸುತ್ತದೆ. ನನ್ನ ನೆನಪು ನನಗೆ ತೀರಾ ಅನುಕೂಲವಾಗಿದೆ.

ಅಪ್ಪ ತೀರಿಕೊಂಡು, ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಆಯುಧಪೂಜೆ ಅದು. ಮಗ್ಗಗಳಿಗೆ ಕುಂಕುಮ ಇಡುತ್ತಿದ್ದವರು ಅಪ್ಪ. ಇನ್ನು ಯಾರು ಇಡಬೇಕು ಎಂಬ ಮಾತು ಬಂದಾಗ, ಹಬ್ಬಕ್ಕೆಂದು ತೂಬಗೆರೆಯಿಂದ ಬಂದಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಅಳಿಯನ ಕೈಲಿ ಇಡಿಸಿ ಎಂದರು. ಗಂಡನಿಲ್ಲದವಳು ಇಟ್ಟರೆ ಕೆಲಸಕ್ಕೆ ಆಗಿಬರುವುದಿಲ್ಲ ಎಂದು ಅವರು ನೇರವಾಗಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನು ವಾದಕ್ಕಿಳಿದೆ. ಅಪ್ಪ ನೇಯ್ದಷ್ಟು ವರ್ಷವೂ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟ ಕೈ ಅಮ್ಮನದು, ಆ ಕೈ ಮಗ್ಗಕ್ಕೆ ಕುಂಕುಮ ಇಡಲು ಯಾಕಾಗದು ಎಂದೆ. ಯೂನಿವರ್ಸಿಟಿಯಲ್ಲಿ ಓದಿದ್ದನ್ನೆಲ್ಲ ಆಡಿ ತೋರಿಸಿದೆ. ಅಮ್ಮ ಬೇಡ ಬೇಡ ಎಂದಳು. ತಟ್ಟೆಯನ್ನು ತಂದು ಅವಳ ಕೈಗಿಟ್ಟವನು ನಾನೇ.

ಮಗ್ಗಗಳಿಗೆ, ತಕ್ಕಡಿಗೆ, ಕತ್ತರಿಗೆ, ಭಾವನ ಸ್ಕೂಟರಿಗೆ ಅಮ್ಮ ಇಡುತ್ತಾ ಬಂದಳು. ಕೊನೆಯಲ್ಲಿ ಇದ್ದದ್ದು ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾ. ಹತ್ತಿರದ ರಾಜಘಟ್ಟದಲ್ಲಿ ಅಗೆದಾಗ ಸಿಕ್ಕ ಬೌದ್ಧ ವಿಹಾರದ ಹಳೆಯ ಇಟ್ಟಿಗೆಗಳ ಚಿತ್ರ ತೆಗೆಯಲೆಂದು ಕೊಂಡದ್ದು. ಇದಕ್ಕೂ ಇಡಲಾ ಎಂಬಂತೆ ನನ್ನನ್ನು ನೋಡಿದಳು. ಇಡಮ್ಮ ಎಂದೆ.

ಪೂಜೆ ಮುಗಿದು ಎಲ್ಲರೂ ಮಗ್ಗದ ಮುಂದೆ ಫೋಟೋಕ್ಕೆ ನಿಂತರು. ಗುಂಡಿ ಒತ್ತಿದೆ. ಕ್ಯಾಮೆರಾ ಸುಮ್ಮನಿತ್ತು. ಆಫ್ ಮಾಡಿ, ಆನ್ ಮಾಡಿ ಮತ್ತೆ ಒತ್ತಿದೆ. ಬ್ಯಾಟರಿ ತೆಗೆದು ಹಾಕಿದೆ. ಮೆಮೊರಿ ಕಾರ್ಡು ತೆಗೆದು ಊದಿ ಹಾಕಿದೆ. ಮಗ್ಗಕ್ಕೆ ರಜ ಕೊಟ್ಟಿದ್ದೀವಿ, ಅದಕ್ಕೂ ಕೊಟ್ಬಿಡು ಗುರು ಎಂದು ಭಾವ ನಗಿಸಿದರು. ನನಗೆ ನಗು ಬರಲಿಲ್ಲ. ಮುಂದುಗಡೆ ಏನೋ ಕೆಂಪಗೆ ಮಿಣಮಿಣ ಅಂತೈತಲ್ಲಪ್ಪಾ ಎಂದು ದೊಡ್ಡಮ್ಮ ಹೇಳಿದ್ದಂತೂ ಚೆನ್ನಾಗಿ ನೆನಪಿದೆ. ಅದು ಕೆಟ್ಟಿರೋದಕ್ಕೇ ಹಾಗೆ ಎಂದುಬಿಟ್ಟೆ. ಲೆನ್ಸ್ ಬಿಚ್ಚಿ, ಅದು ಕೂರುವ ಕಡೆಯ ಲೋಹದ ಚುಕ್ಕೆಗಳನ್ನು ಕರ್ಚೀಫಿನಿಂದ ಒರೆಸಿದೆ. ಕರ್ಚೀಫಿನ ತುದಿ ಕೆಂಪಾಗಿತ್ತು.

ಆಗ ನಾನು ಹೇಳಿದ್ದು, ನನ್ನ ನೆನಪಿನ ಪ್ರಕಾರ, ಒಳಗೆ ಕುಂಕುಮದ ಪುಡಿ ಹೋಗಿದೆ ಎಂದು ಇಷ್ಟೇ. ಅಕ್ಕ ಹೇಳುವುದು ಬೇರೆ. ಕರ್ಚೀಫನ್ನು ಎಲ್ಲರ ಮುಂದೆ ಎತ್ತಿ ಹಿಡಿದು ನಾನು ಹೇಳಿದೆನಂತೆ:

"ನಿನ್ ಕೈಲಿ ಇಡಿಸಿದ್ದೇ ತಪ್ಪಾಯ್ತು ಕಣಮ್ಮ."

ದೊಡ್ಡಮ್ಮ ಅಮ್ಮನ ಕಡೆ ನೋಡಿದರು. ಅಮ್ಮ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಎಲೆ ಹಾಕ್ತೀನಿ ಬನ್ನಿ ಎಂದು ಒಳಗೆ ಹೋದಳು.

ಮಾರನೆಯ ದಿನ ನನ್ನ ಕೋಣೆಯಲ್ಲಿ ಕೂತು ಮತ್ತೆ ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಬ್ಯಾಟರಿ ತುಂಬಿತ್ತು. ಕಾರ್ಡಿನ ಪಕ್ಕದ ಲಾಕು ಸರಿಯಾಗಿತ್ತು. ಗುಂಡಿ ಒತ್ತಿ, ಬೇಸರದಿಂದ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಇಂಥ ತೊಂದರೆಗೆ ಏನು ಮಾಡಬೇಕೆಂದು ಫೋನಿನಲ್ಲಿ ಹುಡುಕತೊಡಗಿದೆ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ತಾನಾಗಿಯೇ ಕ್ಲಿಕ್ ಎಂದಿತು.

ಟೈಮರ್. ಹಬ್ಬದ ಬೆಳಗ್ಗೆ, ಪೂಜೆಗೆ ಮುಂಚೆ, ನಿಂತ ಮಗ್ಗದ ಪಕ್ಕ ನನ್ನದೇ ಒಂದು ಚಿತ್ರ ತೆಗೆದುಕೊಳ್ಳಲು ಹತ್ತು ಸೆಕೆಂಡಿನ ಟೈಮರ್ ಇಟ್ಟು, ತೆಗೆಯುವುದನ್ನು ಮರೆತಿದ್ದೆ. ದೊಡ್ಡಮ್ಮ ಕಂಡ ಕೆಂಪು ದೀಪ ಅದರದೇ, ಇನ್ನೇನು ಚಿತ್ರ ತೆಗೆಯುತ್ತೇನೆ ಎಂದು ಅದು ಹೇಳುತ್ತಿತ್ತು. ಪ್ರತಿ ಸಲವೂ ಹತ್ತು ಸೆಕೆಂಡು ಕಾಯದೆ ನಾನೇ ಅದನ್ನು ಆಫ್ ಮಾಡಿದ್ದೆ. ಅಮ್ಮ ಕುಂಕುಮ ಇಟ್ಟಿದ್ದದ್ದು ಕ್ಯಾಮೆರಾದ ಮೇಲೂ ಅಲ್ಲ, ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿಯ ಮೇಲೆ, ಸಾಸಿವೆ ಕಾಳಿನಷ್ಟು. ಹಾಗಾದರೆ ಕರ್ಚೀಫಿನ ಕೆಂಪು ಎಲ್ಲಿಯದು? ಲೆನ್ಸ್ ಬಿಚ್ಚುವ ಮುಂಚೆ ಆ ಕರ್ಚೀಫಿನಲ್ಲೇ ಹಣೆಯ ಬೆವರು ಒರೆಸಿಕೊಂಡಿದ್ದೆ. ಪೂಜೆ ಮುಗಿಸಿ ನಾನೂ ಹಣೆಗೆ ಕುಂಕುಮ ಇಟ್ಟುಕೊಂಡಿದ್ದೆನಲ್ಲ.

ಅಡುಗೆಮನೆಗೆ ಹೋಗಿ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಟೈಮರ್, ದೀಪ, ಕರ್ಚೀಫು ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನಂಗ್ಯಾಕಪ್ಪ ಹೇಳ್ತೀಯಾ," ಎಂದಳು. "ನಾನೇನ್ ನಿನ್ನ ಕ್ಯಾಮೆರಾ ಕೆಡಿಸ್ದೆ ಅಂದ್ಕೊಂಡಿದ್ನಾ? ಕೇಳಿಸ್ಕೊಂಡೋರು ಬೇರೆಯವ್ರು."

ತೂಬಗೆರೆಗೆ ಫೋನ್ ಮಾಡಿದೆ. ತಪ್ಪು ನನ್ನದು ದೊಡ್ಡಮ್ಮ, ಅಮ್ಮನ ಕೈಯದಲ್ಲ ಎಂದು ಪಾಠ ಹೇಳುವವನಂತೆ ವಿವರಿಸಿದೆ. ಅವರು ಬಹಳ ಮೃದುವಾಗಿ ಮಾತಾಡಿದರು.

"ಇರ್ಲಿ ಬಿಡಪ್ಪಾ. ಅಮ್ಮನ್ನ ಬಿಟ್ಕೊಡಬಾರ್ದು ಅಂತ ಹೇಳ್ತಾ ಇದ್ದೀಯ, ನಂಗೊತ್ತಾಗಲ್ವಾ? ಒಳ್ಳೇ ಮಗ ನೀನು."

ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ನಿಜವನ್ನು ನನ್ನ ಒಳ್ಳೆಯತನ ಎಂದುಕೊಂಡರು. ನಾನೂ ಒಳ್ಳೆಯವನೆನಿಸಿಕೊಂಡು ಫೋನ್ ಇಟ್ಟೆ.

ಈ ವರ್ಷ ಹಬ್ಬದ ಹೊತ್ತಿಗೆ ಏನು ಮಾಡಬೇಕೆಂದು ತೀರ್ಮಾನಿಸಿಕೊಂಡಿದ್ದೆ. ಎಲ್ಲರೂ ಮಗ್ಗದ ಮನೆಯಲ್ಲಿ ಸೇರಿದಾಗ, ಹೋದ ಸಲ ಕ್ಯಾಮೆರಾ ಕೆಟ್ಟಿರಲಿಲ್ಲ, ನನಗೇ ತಿಳಿಯಲಿಲ್ಲ, ಅಮ್ಮನನ್ನು ಅನ್ಯಾಯವಾಗಿ ಅಂದೆ ಎಂದು ಎಲ್ಲರ ಮುಂದೆ ಹೇಳಿದೆ. ಟೈಮರ್ ಇಟ್ಟು ಆ ಕೆಂಪು ದೀಪವನ್ನೂ ತೋರಿಸಿದೆ. ಭಾವ ನಕ್ಕರು. ಅಕ್ಕ ನೆಲ ನೋಡುತ್ತಿದ್ದಳು. ನಾನು ತಟ್ಟೆಗಾಗಿ ಸುತ್ತ ಕಣ್ಣಾಡಿಸುವಷ್ಟರಲ್ಲಿ ಅದು ಭಾವನ ಕೈಯಲ್ಲಿತ್ತು. ನಾನು ಮಾತಾಡುತ್ತಿದ್ದಾಗಲೇ ಅಮ್ಮ ಅದನ್ನು ಅವರಿಗೆ ಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತಿದ್ದಳು. ಇಡು ಬಾಮ್ಮ ಎಂದು ಕರೆದೆ. ನೀನು ಸುಮ್ನಿರು ಎಂದಳು, ಕೋಪವಿಲ್ಲದೆ.

ಭಾವ ಎಲ್ಲಕ್ಕೂ ಇಟ್ಟರು, ಕ್ಯಾಮೆರಾಕ್ಕೂ, ಅದರ ನೆತ್ತಿಯ ಮೇಲೆ ಧಾರಾಳವಾಗಿ. ಎಲ್ಲರೂ ಸಾಲಾಗಿ ನಿಂತರು. ಟೈಮರ್ ತೆಗೆದಿದ್ದೇನೆಯೇ ಎಂದು ಮತ್ತೆ ಮತ್ತೆ ನೋಡಿಕೊಂಡು ಗುಂಡಿ ಒತ್ತಿದೆ. ಒತ್ತಿದ ಕ್ಷಣವೇ ಚಿತ್ರ ಬಿತ್ತು.

"ನೋಡ್ದ್ಯಾ," ಎಂದರು ದೊಡ್ಡಮ್ಮ, ಪಕ್ಕದಲ್ಲಿದ್ದ ಅಮ್ಮನ ಕಡೆ ತಿರುಗಿ. "ಈ ಸಲ ಒಂದೇ ಏಟಿಗೆ ಬಂತು."

ಅಮ್ಮ ಹೌದೆಂಬಂತೆ ತಲೆಯಾಡಿಸಿದಳು.