ಮೂವತ್ತೊಂದನೇ ನಂಬರಿನ ಮನೆ

ಮೊನ್ನೆ ಪಾಯಸಕ್ಕೆಂದು ಗಸಗಸೆ ಹುರಿಯುತ್ತಿದ್ದೆ. ಬಾಣಲೆಯಲ್ಲಿ ಕಾಳು ಬಿಸಿಯಾಗಿ ಆ ಘಮ ಎದ್ದಿತು ನೋಡಿ, ಕೈ ತಾನಾಗಿ ಒಲೆ ಆರಿಸಿತು, ಕಾಲು ಹಿತ್ತಲ ಬಾಗಿಲಿಗೆ ಹೋಯಿತು. ತಗಡಿನ ಬೇಲಿಯ ಮೇಲೆ ಒಂದು ಬೋಳುತಲೆ ಕಾಣಿಸಬೇಕಿತ್ತು. ಕಾಣಿಸಲಿಲ್ಲ. ಕಾಣಿಸುವುದಿಲ್ಲವೆಂದು ನನಗೂ ಗೊತ್ತಿತ್ತು...

ನಾವು ಪರ್ತ್‌ನ ಹ್ಯಾರಿಸ್‌ಡೇಲ್‌ಗೆ ಬಂದದ್ದು 2014ರಲ್ಲಿ. ಮಗಳು ಆಸ್ಪತ್ರೆಯಲ್ಲಿ ಡಾಕ್ಟರು. ಬೆಳಿಗ್ಗೆ ಎಂಟಕ್ಕೆ ನಮ್ಮ ರಸ್ತೆಯ ಕಾರುಗಳೆಲ್ಲ ಹೊರಟುಹೋದರೆ ಉಳಿಯುತ್ತಿದ್ದವರು ಇಬ್ಬರೇ: ನಾನು ಮತ್ತು ಪಕ್ಕದ ಮನೆಯವರು. ನಮಗೆ ಪರಿಚಯವಾದದ್ದೇ ಗಸಗಸೆಯಿಂದ. ನಾನು ಹುರಿಯುವುದನ್ನು ಮೂಗಿನಲ್ಲೇ ಕಂಡುಹಿಡಿದು ಬೇಲಿಯ ಮೇಲೆ ತಲೆ ತೂರಿಸಿದರು. ನನ್ನ ಬಟ್ಟಲು ನೋಡಿ ನಕ್ಕು ಒಳಗೆ ಹೋಗಿ ತಮ್ಮದೊಂದು ಡಬ್ಬಿ ತಂದರು. ಅವರ ದೇಶದ ಗಸಗಸೆ ನೀಲಿ ಬಣ್ಣದ್ದು.

"ನಿಮ್ಮದಕ್ಕೆ ವಯಸ್ಸಾಗಿದೆ, ಕೂದಲು ಬೆಳ್ಳಗಾಗಿದೆ" ಅಂದರು.

"ನಿಮ್ಮದು ಡೈ ಹಾಕ್ಕೊಂಡಿದೆ" ಅಂದೆ.

ಇಬ್ಬರ ಇಂಗ್ಲಿಷೂ ಒಂದೇ ಸಮ ಹಾಳಾಗಿತ್ತು. ಅದಕ್ಕೇ ನಮಗೆ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಮೈಸೂರಿನ ಕಡೆ ಪ್ರೈಮರಿ ಶಾಲೆಯಲ್ಲಿ ಮೇಷ್ಟರಾಗಿದ್ದವಳು ಅಂದ ದಿನದಿಂದ ಅವರು ನನ್ನನ್ನು ಕರೆದದ್ದು "ಟೀಚರ್" ಅಂತಲೇ.

ಅವರು ಚೆಕ್ ದೇಶದ ಒಂದು ಸಣ್ಣ ಹಳ್ಳಿಯವರು. ಅರವತ್ತೆಂಟರಲ್ಲಿ ರಷ್ಯಾದ ಟ್ಯಾಂಕುಗಳು ನುಗ್ಗಿದಾಗ ಇಪ್ಪತ್ತೆರಡು ವರ್ಷದ ಹುಡುಗ. ಗಡಿ ದಾಟಿ, ಹಡಗು ಹತ್ತಿ ಇಲ್ಲಿಗೆ ಬಂದು, ಉತ್ತರದ ಗಣಿಗಳಲ್ಲಿ ವೆಲ್ಡಿಂಗ್ ಮಾಡಿ ವಯಸ್ಸು ಕಳೆದರು. ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳು ಅಡಿಲೇಡ್‌ನಲ್ಲಿ, ಭಾನುವಾರ ಫೋನು ಮಾಡುತ್ತಿದ್ದಳು.

ಒಂದು ಬೇಸಿಗೆಯ ಮಧ್ಯಾಹ್ನ ಅವರು ಗಿಡಕ್ಕೆ ನೀರು ಹಾಕುವ ಪೈಪು ಹಿಡಿದು ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ ತಮ್ಮ ಊರನ್ನು ಬರೆದು ತೋರಿಸಿದರು. ಎರಡು ಕಡೆ ತಗ್ಗು ಗುಡ್ಡ, ನಡುವೆ ಒಂದು ತೊರೆ, ತೊರೆಗೆ ಅಡ್ಡಕಟ್ಟಿದ ಮೀನಿನ ಕೆರೆ. ಚಳಿಗಾಲಕ್ಕೆ ಮುಂಚೆ ಕೆರೆಯ ನೀರು ಬಿಟ್ಟು ಇಡೀ ಊರು ಕೆಸರಿಗಿಳಿದು ಮೀನು ಹಿಡಿಯುತ್ತಿತ್ತಂತೆ. ರಸ್ತೆಯುದ್ದಕ್ಕೂ ಪ್ಲಮ್ ಮರ. ಆದರೆ ಪರ್ತ್‌ನ ಬಿಸಿಲು ಕೇಳಬೇಕೇ? ಅವರು ಊರಾಚೆಯ ಕಾಡು ಬರೆಯುವಷ್ಟರಲ್ಲಿ ತೊರೆ ಒಣಗುತ್ತಿತ್ತು, ತೊರೆ ತಿದ್ದುವಷ್ಟರಲ್ಲಿ ಕೆರೆ ಬತ್ತುತ್ತಿತ್ತು. ನೋಡಲಾಗದೆ ನನ್ನ ರಂಗೋಲಿ ಡಬ್ಬಿ ತಂದುಕೊಟ್ಟೆ.

ಮನೆಗಳಿಗೆ ಅವರು ಚುಕ್ಕಿ ಇಟ್ಟರು, ನಂಬರು ನಾನು ಹಾಕಿದೆ. ಜನಗಣತಿ ಡ್ಯೂಟಿ ಮಾಡಿದ ಕೈ. ರಸ್ತೆಯ ಆ ತುದಿಯಿಂದ ಈ ತುದಿಗೆ ಒಂದು, ಎರಡು, ಮೂರು ಅಂತ ಬರೆದುಕೊಂಡೇ ಹೋದೆ. ಅವರು ಸೊಂಟಕ್ಕೆ ಕೈಕೊಟ್ಟು ಮುಗಿಯುವವರೆಗೂ ನೋಡಿದರು.

"ಎಲ್ಲಾ ತಪ್ಪು, ಟೀಚರ್."

ಅವರ ಊರಲ್ಲಿ ಮೊದಲು ಕಟ್ಟಿದ ಮನೆ ಒಂದು, ಆಮೇಲೆ ಕಟ್ಟಿದ್ದು ಎರಡು. ಎಲ್ಲಿ ಕಟ್ಟಿದರೂ ಸರಿಯೇ. ಒಂದು ಅಂದರೆ ಕೆರೆಯ ಕೆಳಗಿನ ಹಿಟ್ಟಿನ ಗಿರಣಿ. ಅದಕ್ಕೆ ಗೋಡೆ ಅಂಟಿಕೊಂಡಂತೆ ಮೂವತ್ತೊಂದು, ಅದು ಅವರ ಮನೆ. ಎರಡನೆಯದು ಊರಾಚೆ ಗುಡ್ಡದ ಮೇಲೆ. ಒಂಬತ್ತು ಇಲ್ಲ. ಅದು ಯಾವುದೋ ಕಾಲದಲ್ಲಿ ಸುಟ್ಟುಹೋಯಿತು, ಆ ನಂಬರನ್ನು ಇನ್ನೊಂದು ಮನೆಗೆ ಕೊಡುವ ಹಾಗಿಲ್ಲ. ನಲವತ್ತೆರಡಕ್ಕೆ ನಂಬರು ನಿಂತುಹೋಯಿತು. ಹೊಲಗಳನ್ನೆಲ್ಲ ಸರ್ಕಾರ ಒಟ್ಟು ಮಾಡಿಕೊಂಡ ಮೇಲೆ ಯಾರೂ ಹೊಸ ಮನೆ ಕಟ್ಟಲಿಲ್ಲ. ಒಂದು ಊರಿನ ಚರಿತ್ರೆ ಬಾಗಿಲ ಮೇಲಿನ ನಂಬರಿನಲ್ಲೇ ಇತ್ತು. ಎಲ್ಲ ಅಳಿಸಿ ಮತ್ತೆ ಬರೆದೆವು.

ಇಷ್ಟೆಲ್ಲ ಹೇಗೆ ನೆನಪಿದೆ ಅಂದದ್ದಕ್ಕೆ, ಊರಿನ ಪುಸ್ತಕ ಬರೆಯುತ್ತಿದ್ದವರು ತಮ್ಮ ತಂದೆ ಅಂದರು. ಅಲ್ಲಿ ಪ್ರತಿ ಊರಿಗೂ ಒಂದು ದಪ್ಪ ಪುಸ್ತಕ. ವರ್ಷದ ಮಳೆ, ಬೆಳೆ, ಮದುವೆ, ಸಾವು ಎಲ್ಲವನ್ನೂ ಬರೆಯಲು ಪಂಚಾಯ್ತಿ ಒಬ್ಬರನ್ನು ನೇಮಿಸುತ್ತದೆ. ವರ್ಷದ ಕೊನೆಗೆ ಯಾವ ಮನೆಯಲ್ಲಿ ಎಷ್ಟು ಜನ ಅನ್ನುವ ಪಟ್ಟಿ.

"ನಿಮ್ಮ ಬಗ್ಗೆ ಏನು ಬರ್ದಿದಾರೆ?" ಅಂತ ಕೇಳಿಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ.

ಅವರು ಬಗ್ಗಿ ರಂಗೋಲಿ ಡಬ್ಬಿಯ ಮುಚ್ಚಳ ಹಾಕಿದರು. "ಗೊತ್ತಿಲ್ಲ. ನಾನು ಬಂದ್ಮೇಲೆ ತುಂಬಾ ಕಾಗದ ಬರೆದೆ. ಅಪ್ಪನಿಂದ ಒಂದೂ ಬರಲಿಲ್ಲ. ಅಮ್ಮ ಒಂದು ಸಲ ಬರೆದಳು, ಅಪ್ಪ ನಿನ್ನ ಹೆಸರು ಎತ್ತೋದಿಲ್ಲ ಅಂತ."

ಎಂಬತ್ತೊಂಬತ್ತರಲ್ಲಿ ಗಡಿ ತೆರೆದ ಮೇಲೂ ಅವರು ಊರಿಗೆ ಹೋಗಲಿಲ್ಲ. ಅಪ್ಪ ಆಗಲೇ ತೀರಿಹೋಗಿದ್ದರು. ಪುಸ್ತಕದಿಂದಲೂ ಕಿತ್ತುಹಾಕಿದ್ದರೆ ಅಲ್ಲಿ ನಾನು ಯಾರು ಅಂತ ಹೋಗಲಿ ಅಂದರು. ಐವತ್ತು ವರ್ಷ ಹತ್ತಿರ ಹತ್ತಿರ ಆ ಒಂದು ಪ್ರಶ್ನೆ ಇಟ್ಟುಕೊಂಡು ಬದುಕಿದ್ದರು... ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ನಾನಾಗ ಫೋನಿನಲ್ಲಿ ಟೈಪು ಮಾಡುವುದನ್ನು ಹೊಸದಾಗಿ ಕಲಿತಿದ್ದೆ. ಹೊಸದಾಗಿ ಸೈಕಲ್ ಕಲಿತವರು ಕಂಡವರನ್ನೆಲ್ಲ ಡಬಲ್ಸ್ ಕೂರಿಸುವ ಹಾಗೆ, ಬನ್ನಿ ಪಂಚಾಯ್ತಿಗೆ ಮೇಲ್ ಹಾಕೋಣ ಅಂದೆ. ತಿಂಗಳುಗಟ್ಟಲೆ ಬೇಡ ಅಂದರು. ನಾನು ಬಿಡುವವಳಲ್ಲ. ಕಡೆಗೊಂದು ದಿನ ಅವರು ಅಕ್ಷರ ಅಕ್ಷರ ಹೇಳಿದರು, ನಾನು ಒಂದು ಬೆರಳಿನಲ್ಲಿ ಒತ್ತಿದೆ. ಅವರ ಭಾಷೆಯ ಅಕ್ಷರಗಳ ತಲೆಯ ಮೇಲೆ ಕೊಂಬು, ಬಾಲ ಇರುತ್ತವೆ. ನನಗೆ ಅವು ಸಿಗಲಿಲ್ಲ, ಬೋಳಾಗಿಯೇ ಕಳಿಸಿದೆವು. ನಾಲ್ಕು ಸಾಲಿಗೆ ಒಂದು ಮಧ್ಯಾಹ್ನ ಹಿಡಿಯಿತು.

ವಾರದೊಳಗೆ ಉತ್ತರ ಬಂತು. ಪಂಚಾಯ್ತಿಯ ಅಧ್ಯಕ್ಷೆ ಹಳೆಯ ಪುಸ್ತಕದ ಪುಟಗಳ ಫೋಟೋ ತೆಗೆದು ಕಳಿಸಿದ್ದಳು. ಅವರು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದರು. ಅರವತ್ತೆಂಟು, ಅರವತ್ತೊಂಬತ್ತು, ಎಪ್ಪತ್ತು... ನಾನು ಕಾಫಿ ಮಾಡಿಟ್ಟೆ, ಆರಿತು. ಇನ್ನೊಂದು ಸಲ ಮಾಡಿಟ್ಟೆ.

"ಏನೂ ಇಲ್ಲ, ಟೀಚರ್. ಆಲೂಗಡ್ಡೆ ಬಗ್ಗೆ ಬರೆದಿದ್ದಾನೆ. ಆಲಿಕಲ್ಲು ಮಳೆ ಬಗ್ಗೆ ಬರೆದಿದ್ದಾನೆ. ಮಗ ಹೋದ ಅಂತ ಒಂದು ಮಾತು ಕೂಡ ಇಲ್ಲ."

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಆ ಭುಜಗಳನ್ನು ನೋಡಲಾಗದೆ ನಾನು ಫೋನು ಎತ್ತಿಕೊಂಡೆ. ಆ ಭಾಷೆ ನನಗೆ ಬಾರದು. ಆದರೆ ಅಂಕಿ ಎಲ್ಲ ಕಡೆಯೂ ಒಂದೇ. ಪ್ರತಿ ವರ್ಷದ ಕೊನೆಯ ಪಟ್ಟಿಯಲ್ಲೂ ಮೂವತ್ತೊಂದನ್ನು ಹುಡುಕಿದೆ, ಗಣತಿ ಮೇಷ್ಟರ ಚಾಳಿ.

"ನೀವು ಹೊರಡೋಕೆ ಮುಂಚೆ ಮನೇಲಿ ಎಷ್ಟು ಜನ?"

"ಅಪ್ಪ, ಅಮ್ಮ, ತಂಗಿ, ನಾನು. ನಾಲ್ಕು."

"ತಂಗಿ ಮದುವೆ ಯಾವಾಗ?"

"ಎಪ್ಪತ್ತಮೂರು."

"ಅಮ್ಮ?"

"ಎಪ್ಪತ್ತೆಂಟರಲ್ಲಿ ಹೋದಳು. ಯಾಕೆ?"

"ಇಲ್ಲಿ ಬನ್ನಿ. ನೀವು ಹೋದ ವರ್ಷನೂ ನಾಲ್ಕು, ಮಾರನೇ ವರ್ಷನೂ ನಾಲ್ಕು. ಎಪ್ಪತ್ತಮೂರಕ್ಕೆ ಮೂರಾಯ್ತು. ಎಪ್ಪತ್ತೆಂಟಕ್ಕೆ ಎರಡು. ಆಮೇಲೆ ನಿಮ್ಮಪ್ಪ ಒಬ್ಬರೇ ಅಲ್ವಾ ಇದ್ದಿದ್ದು? ಈ ಇನ್ನೊಬ್ಬರು ಯಾರು?"

ಅವರು ಫೋನು ಇಸಿದುಕೊಂಡರು. ಎರಡು ಬೆರಳಿನಿಂದ ಆ ಅಂಕಿಯನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು, ಪರದೆಯ ತುಂಬ ಅದೊಂದೇ ಆಗುವವರೆಗೆ.

"ಜಿಲ್ಲೆಯಿಂದ ಆಫೀಸರುಗಳು ಬಂದು ಈ ಪುಸ್ತಕ ಓದ್ತಿದ್ದರು, ಟೀಚರ್. ಓಡಿಹೋದವನಿಗೆ ಜೈಲು ಅಂತ ತೀರ್ಪಾಗಿತ್ತು. ಅವನ ಹೆಸರು ಬರೆದರೆ ಅಪ್ಪನಿಗೂ ತೊಂದರೆ. ಅವರು ಅಕ್ಷರ ಓದ್ತಿದ್ದರು. ಅಂಕಿ ಯಾರು ಕೂಡಿ ನೋಡ್ತಾರೆ?"

ಕೊನೆಯ ಫೋಟೋದಲ್ಲಿ ಬೇರೆ ಯಾರದೋ ಕೈಬರಹ. ಅವರ ತಂದೆ ತೀರಿಕೊಂಡ ಮಾರನೆಯ ವರ್ಷದ್ದು. ಅದರಲ್ಲೂ ಮೂವತ್ತೊಂದರ ಎದುರು ಒಂದು ಅಂತಿತ್ತು. ಈಗ ಆ ಮನೆಯಲ್ಲಿ ಯಾರಿದ್ದಾರೆ ಅಂತ ಮತ್ತೆ ಮೇಲ್ ಹಾಕಿದೆವು. ಯಾರೂ ಇಲ್ಲ, ಬೀಗ, ಅರ್ಧ ಛಾವಣಿ ಬಿದ್ದಿದೆ ಅಂತ ಅಧ್ಯಕ್ಷೆ ಬರೆದಳು. ಆ ಒಬ್ಬರು ಯಾರೆಂದು ಹಳಬರಿಗೆಲ್ಲ ಗೊತ್ತಂತೆ. ಪುಸ್ತಕ ಕೈಯಿಂದ ಕೈಗೆ ಹೋಯಿತು, ಯಾರೂ ಅಳಿಸಲಿಲ್ಲ, ಈಗ ಬರೆಯುವವಳು ನಾನು, ನಾನೂ ಅಳಿಸಿಲ್ಲ ಅಂತ ಬರೆದಿದ್ದಳು.

ಆ ದಿನ ನಾನೂ ಅವರಿಗೊಂದು ವಿಷಯ ಹೇಳಿದೆ. ಮಗಳಿಗೂ ಹೇಳದಿದ್ದದ್ದು. ನಂಜನಗೂಡಿನ ಕಡೆ ಒಂದು ಮನೆಗೆ ಗಣತಿಗೆ ಹೋಗಿದ್ದಾಗ ಒಬ್ಬಾಕೆ, "ನಾಲ್ಕು ಅಂತ ಬರ್ಕೊಳಿ ಟೀಚರಮ್ಮ, ನನ್ ಮಗ ಬತ್ತನೆ" ಅಂದಿದ್ದಳು. ಮಗ ಮನೆ ಬಿಟ್ಟು ಮೂರು ವರ್ಷವಾಗಿತ್ತು, ಸುದ್ದಿಯೇ ಇಲ್ಲ. ಅಂಥವರನ್ನು ಸೇರಿಸಬಾರದು ಅಂತ ನಿಯಮ. ಮೂರು ಅಂತ ಬರೆದೆ. ಆಕೆಗೆ ಓದಲು ಬರುತ್ತಿರಲಿಲ್ಲ. ಆದರೂ ನನ್ನ ಪೆನ್ನು ಆಡಿದ ರೀತಿ ನೋಡಿಯೇ ತಿಳಿದುಕೊಂಡಳು, ಒಳಗೆ ಹೋದಳು...

ಅವರು ಕೇಳಿಸಿಕೊಂಡು, "ನೀವು ಬರೆದದ್ದು ಸರಿ. ನನ್ನಪ್ಪ ತಪ್ಪು ಬರೆದ" ಅಂದರು. ಆಮೇಲೆ ಕಣ್ಣು ಒರೆಸಿಕೊಂಡರು.

ಇನ್ನಾದರೂ ಹೋಗಿಬನ್ನಿ ಅಂತ ವರ್ಷ ವರ್ಷ ಹೇಳಿದೆ.

"ಯಾಕೆ ಹೋಗ್ಲಿ? ಅಲ್ಲೇ ಇದೀನಲ್ಲ."

ಈ ಚಳಿಗಾಲದಲ್ಲಿ ಅವರು ಹೋಗಿಬಿಟ್ಟರು. ಆಸ್ಪತ್ರೆಯಲ್ಲಿ ನಾಲ್ಕು ದಿನ, ಅಷ್ಟೇ. ಅಡಿಲೇಡ್‌ನಿಂದ ಮಗಳು ಬಂದು ಎಲ್ಲ ಮುಗಿಸಿದಳು. ಅವಳಿಗೆ ಅಪ್ಪನ ಭಾಷೆ ಬಾರದು. ಅಲ್ಲಿ ತಿಳಿಸಬೇಕಾದವರು ಯಾರೂ ಇಲ್ಲ ಅಲ್ಲವೇ ಅಂತ ನನ್ನನ್ನು ಕೇಳಿದಳು. ಇದ್ದಾರೆ, ನಾನು ತಿಳಿಸುತ್ತೇನೆ ಅಂದುಬಿಟ್ಟೆ.

ಅಂದದ್ದು ಸುಲಭ. ದಿನಾ ಫೋನು ತೆಗೆಯುವುದು, ಇಡುವುದು. ನಮ್ಮ ಮಗಳು ನೋಡಿ ನೋಡಿ, "ಅಮ್ಮ, ಕೊಡು ಇಲ್ಲಿ, ನಾನು ಟೈಪ್ ಮಾಡ್ಬಿಡ್ತೀನಿ. ಎರಡು ನಿಮಿಷದ ಕೆಲಸ" ಅಂದಳು. ಕೊಡಲಿಲ್ಲ. ಸರ್ವಿಸಿನಲ್ಲಿ ಎಷ್ಟು ಮನೆಗಳ ಬಾಗಿಲಲ್ಲಿ ನಿಂತು ಎಷ್ಟು ಜನರನ್ನು ಕಳೆದಿದ್ದೇನೋ, ಒಬ್ಬರಿಗೂ ಅರೆ ನಿಮಿಷ ಹಿಡಿದಿರಲಿಲ್ಲ. ಈ ಒಬ್ಬರಿಗೆ ಹನ್ನೊಂದು ದಿನ ಬೇಕಾಯಿತು.

ಈ ಬೆಳಿಗ್ಗೆ ಬರೆದೆ. ಮೂವತ್ತೊಂದನೇ ಮನೆ, ಇನ್ನು ಮೇಲೆ ಸೊನ್ನೆ. ಕಳಿಸಿದೆ.

ಈಗ ಅಲ್ಲಿ ಇನ್ನೂ ಕತ್ತಲು. ಅಧ್ಯಕ್ಷೆ ಎದ್ದು, ಮುಖ ತೊಳೆದು, ಫೋನು ನೋಡುವವರೆಗೆ ಆ ಮನೆಯಲ್ಲಿ ಒಬ್ಬರಿದ್ದಾರೆ.