ಟೈಲರ್ ರಂಜಿತಾ ಮಗಳ ಯೂನಿಫಾರಂ

ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರಂಜಿತಾ ಹೊಲಿಗೆ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಅವರ ಕೈಯಲ್ಲಿ ರವಿಕೆ ಹೊಲಿಸಲು ಅರಕಲಗೂಡಿನಿಂದಲೂ ಹೆಂಗಸರು ಬರುತ್ತಾರೆ. ಅವರು ಹೊಲಿದದ್ದು ಸರಿಯಿಲ್ಲ ಎಂದವಳು ಒಬ್ಬಳೇ, ಎಂಟು ವರ್ಷದ ಮಗಳು ಧನ್ಯಾ.

ಧನ್ಯಾಗೆ ಹೊಲಿಗೆಯ ಅಂಚು ಚುಚ್ಚುತ್ತದೆ. ಮನೆಯಲ್ಲಿ ಅಂಗಿಯನ್ನು ತಿರುವಿ ಹಾಕಿಕೊಂಡೇ ಓಡಾಡುತ್ತಾಳೆ. ಮಿಕ್ಸಿ ತಿರುಗಿದರೆ ಕಿವಿ ಮುಚ್ಚುತ್ತಾಳೆ. ಪಕ್ಕದ ಮನೆಯವರು ತಮ್ಮ ಮಗನನ್ನು ಗದರಿದರೂ ಇವಳ ಕಣ್ಣು ತುಂಬುತ್ತದೆ.

"ಊರ್‌ಗೆಲ್ಲ ಒಲ್ಕೊಡ್ತಾಳೆ, ಎತ್ತ ಮಗಳಿಗೊಂದ್ ಅಂಗಿ ಒಲಿಯಕೆ ಬರಕಿಲ್ಲ," ಎಂದು ಅತ್ತೆ ಲಕ್ಕಮ್ಮ ಗಿರಾಕಿಗಳ ಮುಂದೆಯೇ ನಗುತ್ತಿದ್ದರು.

ಜೂನ್ ತಿಂಗಳು, ಶಾಲೆ ಶುರುವಾಗಿತ್ತು. ಅಂಗಡಿಯ ತುಂಬ ಯೂನಿಫಾರಂ ಬಟ್ಟೆ. ಅಂಗಿಯನ್ನು ತಿರುವಿ ಹಾಕಿ ಕಳಿಸಬೇಡಿ ಎಂದು ಶಾಲೆಯವರು ಎರಡು ಸಲ ಹೇಳಿ ಕಳಿಸಿದ್ದರು. ಒಂದು ಬೆಳಿಗ್ಗೆ, ವ್ಯಾನ್ ಬಾಗಿಲಲ್ಲಿ ನಿಂತು ಹಾರನ್ ಹೊಡೆಯುತ್ತಿರುವಾಗ ಧನ್ಯಾ ಮತ್ತೆ ಕಾಲರ್ ಎಳೆಯತೊಡಗಿದಳು. ರಂಜಿತಾ ಬೆನ್ನಿಗೊಂದು ಬಿಟ್ಟರು.

"ಇನ್ನೊಂದ್ ಸಲ ಚುಚ್ತದೆ ಅಂದ್ರೆ ನೋಡು. ಬಾಯೇ ಬಿಡಂಗಿಲ್ಲ."

ಧನ್ಯಾ ಬಾಯಿ ಬಿಡಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ.

"ನೋಡ್ದಾ? ಒಂದ್ ಏಟ್‌ಗೆ ಸರಿ ಓಯ್ತು. ನಾನ್ ಏಳ್ತಾನೇ ಇದ್ದೆ," ಎಂದರು ಲಕ್ಕಮ್ಮ. ರಂಜಿತಾಗೂ ಹಾಗೇ ಅನ್ನಿಸಿತು.

ಮೂರನೇ ವಾರ ಒಗೆಯಲು ತೆಗೆದ ಅಂಗಿಯ ಒಳಗೆ ಅವರ ಕೈಗೆ ಏನೋ ಸಿಕ್ಕಿತು. ಅಂಗಡಿಯ ಕಸದ ಬುಟ್ಟಿಯ ಲೈನಿಂಗ್ ಚೂರುಗಳು. ಕಾಲರಿನ ಸುತ್ತ, ತೋಳಿನ ಸುತ್ತ ಒತ್ತೊತ್ತಾಗಿ ಇಟ್ಟು ಪಿನ್ನು ಹಾಕಿತ್ತು. ಎರಡು ಪಿನ್ನು ಬಾಯಿ ತೆರೆದಿದ್ದವು. ಮಗಳ ಕತ್ತು ನೋಡಿದರೆ ಗೀರಿನ ಮೇಲೆ ಗೀರು.

"ಯಾಕೆ ಏಳ್ಲಿಲ್ಲ?"

"ನೀನೇ ಏಳ್ಬೇಡ ಅಂದಿದ್ಯಲ್ಲ."

ಅಂದು ರಂಜಿತಾ ಬೇರೆಯವರ ಬಟ್ಟೆ ಮುಟ್ಟಲಿಲ್ಲ. ಅಂಚಿಗೆ ಸುತ್ತಿದ್ದ ಒರಟು ಓವರ್‌ಲಾಕ್ ದಾರವನ್ನೆಲ್ಲ ಬಿಚ್ಚಿ, ಅಂಚುಗಳನ್ನು ಒಳಕ್ಕೆ ಮಡಚಿ, ಮೇಲೆ ಹತ್ತಿ ಪಟ್ಟಿ ಕೊಟ್ಟು ಹೊಲಿದರು. ಅಂಗಿ ಸರಿಹೋಯಿತು. ಮಗಳು ಸರಿಹೋಗಲಿಲ್ಲ. ಚುಚ್ತದಾ ಎಂದರೆ ಇಲ್ಲ. ಹಸಿವಾ ಎಂದರೆ ಇಲ್ಲ. ಸ್ಕೂಲಲ್ಲಿ ಯಾರಾದರೂ ಏನಾದರೂ ಅಂದರಾ ಎಂದರೂ ಇಲ್ಲ. ಮೈ ಕಾದಿದ್ದ ದಿನವೂ ಅದೇ ಉತ್ತರ.

"ಒಳ್ಳೆ ಕಲ್ಲುಗುಂಡು ಕಣತ್ತೆ," ಎಂದು ರಂಜಿತಾ ರೇಗಿದರು. "ಆವತ್ತು ಬಾಯಿ ಮುಚ್ಸಕೆ ಒಂದ್ ಏಟು ಸಾಕಾಯ್ತು. ಈಗ ತೆಗ್ಸಕೆ ಏನ್ ಮಾಡನ?"

"ಇನ್ನೊಂದ್ ಬಿಡು," ಎಂದರು ಲಕ್ಕಮ್ಮ.

"ನೀವ್ ಸುಮ್ಕಿರಿ."

ಆಷಾಢ ಮುಗಿಯುತ್ತಿದ್ದಂತೆ ಮದುವೆ ಬಟ್ಟೆಗಳು ಬಂದವು. ಒಂದು ಸಂಜೆ ಅರಕಲಗೂಡಿನ ದೊಡ್ಡತಾಯಮ್ಮ ಆರೂವರೆ ಬಸ್ಸು ಹಿಡಿಯಬೇಕೆಂದು ಅಂಗಡಿಯ ಸ್ಟೂಲಿನ ತುದಿಯಲ್ಲಿ ಕುಳಿತಿದ್ದರು. ಅವರ ರವಿಕೆ ಇನ್ನೂ ಮಿಷನ್ನಿನಲ್ಲಿತ್ತು. ಶಾಲೆಯಿಂದ ಬಂದ ಧನ್ಯಾ ಬ್ಯಾಗ್ ಇಳಿಸದೆ ಮಿಷನ್ ಪಕ್ಕ ನಿಂತಳು.

"ಅಮ್ಮಾ, ಜಡೆ ಎಳೀತದೆ."

"ಈಗ್ಲೇ ಏಳ್ಬೇಕಿತ್ತಾ ನಿಂಗೆ?"

ಧನ್ಯಾ ಒಂದು ಹೆಜ್ಜೆ ಹಿಂದೆ ಸರಿದಳು. ರಂಜಿತಾ ಪೆಡಲಿನಿಂದ ಕಾಲು ತೆಗೆದರು.

"ಬಾ ಇಲ್ಲಿ. ಯಾವ್ದು?"

"ಎಡಗಡೇದು."

"ಏನವ್ವಾ, ನನ್ ಬಸ್ಸು," ಎಂದರು ದೊಡ್ಡತಾಯಮ್ಮ.

"ಏಳೂವರೆಗೊಂದೈತೆ, ಕೂತ್ಕಳಿ."

ರಿಬ್ಬನ್ ಬಿಚ್ಚಿ, ಸಡಿಲವಾಗಿ ಹೆಣೆದು, ಮತ್ತೆ ಕಟ್ಟಿದ್ದಾಯಿತು. ರಂಜಿತಾ ಮಿಷನ್ನಿನತ್ತ ತಿರುಗಿದರು. ಧನ್ಯಾ ಕದಲಲಿಲ್ಲ.

"ಇನ್ನೇನು?"

"ಬಲಗಡೇದೂ."